ಎಡಗಡೆಯ ಬಾಕ್ಸು ಗೊಣಗುತ್ತದೆ

ಬೆಂಗ್ರೆಯಲ್ಲಿರುವ ನನ್ನ ಸೋದರಮಾವನ ಮನೆಗೆ ನೀವು ಯಾವಾಗಲಾದರೂ ಹೋಗುವುದಿದ್ದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಹಾಲ್‌ನಲ್ಲಿ, ಟಿ.ವಿ.ಯ ಪಕ್ಕದಲ್ಲಿ, ಒಂದು ಅಲ್ಯೂಮಿನಿಯಂ ಬುತ್ತಿ ಡಬ್ಬಿ ಇದೆ. ದಯವಿಟ್ಟು ಅದರ ಮುಚ್ಚಳ ತೆಗೆಯಬೇಡಿ. ಒಳಗೆ ಚಕ್ಕುಲಿ ಇಲ್ಲ. ಹೋದ ತಿಂಗಳು ಮಾಮಿಯ ತಂಗಿ ಬಂದವರು ಮಾತಾಡುತ್ತ ಮಾತಾಡುತ್ತ ಡಬ್ಬಿಗೆ ಕೈ ಹಾಕಿದರಂತೆ. ಒಳಗಿನ ಹಸಿರು ಹಲಗೆಯನ್ನೂ ತಾಮ್ರದ ಸುರುಳಿಗಳನ್ನೂ ನೋಡಿ, ಅಕ್ಕಾ, ನಿಮ್ಮ ಡಬ್ಬಿಯಲ್ಲಿ ಎಂತದೋ ಹುಳ ಆಗಿದೆ ಎಂದರಂತೆ. ಮಾಮಿ ಇದನ್ನು ನನಗೆ ಫೋನು ಮಾಡಿ ಹೇಳಿದರು. ನನ್ನ ಮಾನ ಕಳೆಯುವ ಸುದ್ದಿಗಳನ್ನು ಅವರು ತಡ ಮಾಡುವುದೇ ಇಲ್ಲ.

ಆ ಹುಳ ನಾನು ಕೈಯಾರೆ ಮಾಡಿದ ಡಿಜಿಟಲ್ ಸ್ಟೀರಿಯೋ ಆಂಪ್ಲಿಫೈಯರ್. ಹೇಳುವಾಗ ದೊಡ್ಡದಾಗಿ ಕೇಳಿಸುತ್ತದೆ, ಅಲ್ಲವೇ? ನನಗೂ ಹಾಗೆಯೇ ಕೇಳಿಸಿತ್ತು. ಅದಕ್ಕೇ ಶುರು ಮಾಡಿದ್ದು.

ಮೊದಲು ಮಾವನ ಪರಿಚಯ ಮಾಡಿಸಬೇಕು. ವಾಸು ಮಾವ ಮೂವತ್ತು ವರ್ಷ ಮೀನಿನ ಬೋಟುಗಳಲ್ಲಿ ಇಂಜಿನ್ ನೋಡಿಕೊಂಡವರು. ಈಗ ಕಡಲಿಗೆ ಹೋಗುವುದಿಲ್ಲ. ಆದರೆ ಯಾರದಾದರೂ ಬೋಟಿನ ಇಂಜಿನ್ ಒಂದಿಷ್ಟು ಬೇರೆ ಸ್ವರ ಹೊರಡಿಸಿದರೆ ಈಗಲೂ ಬೋಟು ನಿಲ್ಲುವ ಧಕ್ಕೆಯಿಂದ ಅವರಿಗೆ ಕರೆ ಬರುತ್ತದೆ. ಅವರು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನಿನ ಮೈಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಮೇಲೆ, ಮೂರನೆಯ ಸಿಲಿಂಡರು ಬಿಚ್ಚು ಎಂದು ಹೇಳಿ ಚಹಾ ಕುಡಿಯಲಿಕ್ಕೆ ಹೋಗುತ್ತಾರೆ. ಬಿಚ್ಚಿದರೆ ಮೂರನೆಯದ್ದರಲ್ಲೇ ರೋಗ. ಚಿಕ್ಕವನಿದ್ದಾಗ ನಾನು ಇದನ್ನು ನೋಡಿ ಬಂದು ಅಮ್ಮನ ಮಿಕ್ಸಿಗೆ ಚಮಚ ತಾಗಿಸಿ, ಚಮಚದ ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದೆ. ಅಮ್ಮ ತೆಂಗಿನಕಾಯಿ ರುಬ್ಬುತ್ತಿದ್ದಾಳೆ ಎಂಬುದಷ್ಟು ಗೊತ್ತಾಗುತ್ತಿತ್ತು. ಅದು ಕಣ್ಣು ತೆರೆದಿದ್ದರೂ ಗೊತ್ತಾಗುತ್ತಿತ್ತು.

ಕಡಲ ಬದಿಯ ಮನೆಯಲ್ಲಿ ಹುಟ್ಟಿದವನಿಗೆ ಎಲೆಕ್ಟ್ರಾನಿಕ್ಸಿನ ಹುಚ್ಚು ಹಿಡಿಯಬಾರದು. ಉಪ್ಪುಗಾಳಿಗೆ ಯಾವ ಯಂತ್ರವೂ ಉಳಿಯುವುದಿಲ್ಲ. ನಮ್ಮ ಮನೆಯ ರೇಡಿಯೋಕ್ಕೆ ಅಮ್ಮ ಹೂವಿನ ಕಸೂತಿಯ ಅಂಗಿ ಹೊಲಿದಿದ್ದಳು. ಅಂಗಿ ಬಿಚ್ಚಿದರೆ ರೇಡಿಯೋದ ಗುಂಡಿಗಳೆಲ್ಲ ಕಿಲುಬು ಹಿಡಿದು ಹಸಿರು. ವಾರ್ತೆ ಕೇಳಬೇಕಾದರೆ ರೇಡಿಯೋದ ಎಡಗೆನ್ನೆಗೆ ಎರಡು ಪೆಟ್ಟು ಕೊಡಬೇಕು, ಪ್ರದೇಶ ಸಮಾಚಾರಕ್ಕೆ ಮೂರು. ಆ ಪೆಟ್ಟುಗಳ ಲೆಕ್ಕ ಮನೆಯಲ್ಲಿ ನನಗೊಬ್ಬನಿಗೇ ಸರಿಯಾಗಿ ಬರುತ್ತಿತ್ತು. ನಾನು ದೊಡ್ಡ ಇಂಜಿನಿಯರ್ ಆಗುತ್ತೇನೆಂದು ಅಮ್ಮ ಊರಿಗೆಲ್ಲ ಹೇಳಿಕೊಂಡು ಬಂದದ್ದು ಅಷ್ಟನ್ನು ನಂಬಿ.

ನಾನು ಆದದ್ದು ಐ.ಟಿ.ಐ. ಮುಗಿಸಿ ಮಾವನ ಬೋಟಿನಲ್ಲಿ ಅವರ ಕೈಕೆಳಗಿನ ಜನ. ನಮ್ಮಲ್ಲಿ ಸೋದರಳಿಯನೆಂದರೆ ಮಾವನಿಗೆ ಮಗನಿಗಿಂತ ಒಂದು ಹಿಡಿ ಹೆಚ್ಚು. ಇಂಜಿನ್ನು, ಸ್ಪ್ಯಾನರು, ಸ್ಕ್ರೂಡ್ರೈವರು ಎಲ್ಲ ನನ್ನ ಕೈಗೆ ಕೊಟ್ಟು ದಡದಲ್ಲಿ ಕೂರಬೇಕೆಂದು ಮಾವನಿಗೆ ಇತ್ತು. ನನಗೋ ಎರಡು ವರ್ಷದಲ್ಲಿ ಕಡಲಿನ ಮೇಲೆ ಊಟ ಹೊಟ್ಟೆಯಲ್ಲಿ ನಿಂತ ದಿನಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ಅಷ್ಟರಲ್ಲಿ ಅತ್ತಾವರದ ಒಂದು ಆಸ್ಪತ್ರೆಯಲ್ಲಿ ಯಂತ್ರಗಳನ್ನು ರಿಪೇರಿ ಮಾಡುವ ಕೆಲಸ ಸಿಕ್ಕಿತು. ಒಂದು ಸಂಜೆ ಧಕ್ಕೆಯಲ್ಲಿ, ಐಸ್ ಪ್ಲಾಂಟಿನ ಬದಿಯ ಬೆಂಚಿನಲ್ಲಿ ಮಾವನ ಪಕ್ಕ ಕೂತು, ಎರಡು ದಿನದಿಂದ ಬಾಯಿಪಾಠ ಮಾಡಿದ್ದ ಮೂರು ವಾಕ್ಯಗಳನ್ನು ಹೇಳಿದೆ. ಮಾವ ನದಿಯನ್ನು ನೋಡುತ್ತ ಕೂತಿದ್ದರು. ಹೌದು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಪಂಚೆ ಕೊಡವಿ ಮನೆಗೆ ಹೋದರು.

ಇದಾಗಿ ಹನ್ನೆರಡು ವರ್ಷ. ಮಾವ ನನ್ನ ಜೊತೆ ಮಾತು ಬಿಟ್ಟರೆಂದು ತಿಳಿಯಬೇಡಿ. ಮದುವೆಗೆ ಬಂದರು, ಮಗಳು ಹುಟ್ಟಿದಾಗ ಬಂದರು, ಅಂಜಲ್ ಮೀನು ಸಿಕ್ಕಿದ ದಿನ ಕರೆದು ಕೊಟ್ಟರು. ಆದರೆ ನನ್ನ ಕೆಲಸದ ಬಗ್ಗೆ ಒಂದು ಮಾತಿಲ್ಲ. ನಾನು ಮಾಡಿಕೊಂಡು ಹೋದ ಎಮರ್ಜೆನ್ಸಿ ಲೈಟನ್ನು ಒಮ್ಮೆ ತಿರುಗಿಸಿ ನೋಡಿ ಕೆಳಗಿಟ್ಟರು. ನೀರಿನ ಟ್ಯಾಂಕಿ ತುಂಬಿದರೆ ಕೂಗುವ ಯಂತ್ರಕ್ಕೂ ಅದೇ ಮರ್ಯಾದೆ. ನನಗೆ ಬೇಕಾದದ್ದು ಹೆಚ್ಚೇನಲ್ಲ, ‘ಲಾಯಿಕುಂಟು’, ಚೆನ್ನಾಗಿದೆ, ಎಂಬ ಒಂದು ಪದ. ಬೋಟು ಬಿಟ್ಟದ್ದನ್ನು ಅವರು ಹೊಟ್ಟೆಗೆ ಹಾಕಿಕೊಂಡಿದ್ದಾರೆ ಎಂದು ಆ ಪದದಿಂದ ನನಗೆ ಗೊತ್ತಾಗಬೇಕಿತ್ತು. ನನಗೂ ಒಳಗೊಳಗೆ ಸಿಟ್ಟಿತ್ತು, ಸುಳ್ಳೇಕೆ. ಆ ದಿನ ಬೈದಾದರೂ ಬೈಯಬಹುದಿತ್ತಲ್ಲ?

ಹೀಗಿರುವಾಗ ಮಾವನ ಹಳೆಯ ಆಂಪ್ಲಿಫೈಯರ್ ಸೆಟ್ಟು ಕೈಕೊಟ್ಟಿತು. ಎತ್ತಲಿಕ್ಕೆ ಇಬ್ಬರು ಬೇಕಾದ, ಸ್ವಿಚ್ಚು ಹಾಕಿದೊಡನೆ ‘ಗುಂಯ್’ ಎನ್ನುವ, ಒಂದು ಗಂಟೆ ಹಾಡಿದರೆ ಮೇಲೆ ಹಪ್ಪಳ ಸುಡಬಹುದಾದ ಸೆಟ್ಟು. ಮಾವ ಅದರಲ್ಲಿ ಕೇಳುತ್ತಿದ್ದದ್ದು ತಾಳಮದ್ದಲೆ ಮಾತ್ರ. ಯಕ್ಷಗಾನದ್ದೇ ಕಥೆ, ಆದರೆ ವೇಷವಿಲ್ಲ, ಕುಣಿತವಿಲ್ಲ, ಎದುರುಬದುರು ಕೂತ ಇಬ್ಬರು ಅರ್ಥಧಾರಿಗಳ ವಾದ. ಭಾನುವಾರ ಮಧ್ಯಾಹ್ನ ಅದಿಲ್ಲದೆ ಅವರಿಗೆ ನಿದ್ದೆಯೂ ಬರುವುದಿಲ್ಲ, ಎಚ್ಚರವೂ ಇರುವುದಿಲ್ಲ. ಸೆಟ್ಟು ಸತ್ತ ಮೇಲೆ ಮಾಮಿಯ ಜೊತೆ ವಾದಕ್ಕೆ ಕೂರುತ್ತಾರಂತೆ. ಏನಾದರೂ ಮಾಡು ಮಾರಾಯ ಎಂದು ಮಾಮಿ ಫೋನು ಮಾಡಿದರು.

ಅಂಗಡಿಯಿಂದ ಒಂದು ತಂದು ಕೊಡಬಹುದಿತ್ತು. ನನ್ನ ಹೆಂಡತಿ ಪ್ರಮೀಳಾ ಹಾಗೆಯೇ ಹೇಳಿದಳು. ಆದರೆ ತಂದು ಕೊಟ್ಟದ್ದಕ್ಕೆ ‘ಲಾಯಿಕುಂಟು’ ಎಂದರೆ ಅದು ಅಂಗಡಿಯವನಿಗೆ ಹೋಗುತ್ತದೆ. ನಾನು ಹಂಪನಕಟ್ಟೆಗೆ ಹೋಗಿ, ಒಂದು ಲಾಡ್ಜಿನ ಮೆಟ್ಟಿಲ ಕೆಳಗಿನ ಬಿಡಿಭಾಗಗಳ ಅಂಗಡಿಯಲ್ಲಿ ಅರ್ಧ ದಿನ ನಿಂತು, ಒಂದು ಐ.ಸಿ. ಚಿಪ್ಪು, ನಾಲ್ಕು ಸುರುಳಿ, ಒಂದು ಮುಷ್ಟಿ ಕೆಪಾಸಿಟರು ತಂದೆ. ಚಿಪ್ಪು ಕಿರುಬೆರಳಿನ ಉಗುರಿನಷ್ಟು. ಅಂಗಡಿಯ ಯಜಮಾನರು ಅದನ್ನು ಕಾಗದದಲ್ಲಿ ಸುತ್ತಿ ಕೊಡುವಾಗ ಸೀನಬೇಡಿ ಎಂದು ಎಚ್ಚರಿಸಿದರು.

ಈ ಡಿಜಿಟಲ್ ಎನ್ನುವುದು ಏನೆಂದು ಪ್ರಮೀಳಾ ಕೇಳಿದಳು. ಹಳೆಯ ಆಂಪ್ಲಿಫೈಯರು ಗೇರಿನ ಕಾರು ಕಲಿಯುವವರ ಹಾಗೆ, ಕಾಲು ಅರ್ಧ ಒತ್ತಿ ಅರ್ಧ ಬಿಟ್ಟು ನಡೆಯುತ್ತದೆ, ಅದಕ್ಕೇ ಬಿಸಿಯಾಗುತ್ತದೆ ಎಂದೆ. ಇದು ನಮ್ಮ ಸಿಟಿ ಬಸ್ಸಿನ ಡ್ರೈವರಿನ ಹಾಗೆ. ಒಂದೋ ಪೂರ್ತಿ ಒತ್ತುವುದು, ಇಲ್ಲವೋ ಪೂರ್ತಿ ಬಿಡುವುದು, ನಡುವಿನ ಮಾತೇ ಇಲ್ಲ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ಒತ್ತಿ ಬಿಟ್ಟು ಮಾಡಿದರೂ ಕೊನೆಗೆ ಬರುವ ಸ್ವರ ಬೆಣ್ಣೆಯ ಹಾಗಿರುತ್ತದೆ. ಪ್ರಮೀಳಾ ದಿನಾ ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವಳು. ಬೆಣ್ಣೆಯ ಭಾಗವನ್ನು ನಂಬಲಿಲ್ಲ.

ಮೊದಲ ಸಲ ಕರೆಂಟು ಕೊಟ್ಟಾಗ ಅವಳು, ಸಾಂಬಾರು ತಳ ಹಿಡಿಯಿತೇ ಎಂದು ಅಡುಗೆಮನೆಗೆ ಓಡಿದಳು. ಸಾಂಬಾರಿಗೆ ಏನೂ ಆಗಿರಲಿಲ್ಲ. ನಾನು ಪ್ಲಸ್ಸನ್ನು ಮೈನಸ್ಸಿಗೆ ಹಾಕಿದ್ದೆ. ಆಸ್ಪತ್ರೆಯ ಪ್ರತಿಯೊಂದು ಯಂತ್ರದ ಹಿಂದೆ ‘ಪ್ಲಸ್ ಮೈನಸ್ ನೋಡಿ ಹಾಕಿ’ ಎಂದು ಚೀಟಿ ಅಂಟಿಸಿದವನು ನಾನೇ ಎಂಬುದನ್ನು ಇಲ್ಲಿ ಹೇಳದೆ ಇರಬಹುದಿತ್ತು. ಎರಡನೆಯ ಚಿಪ್ಪು ತರಲು ಹೋದಾಗ ಅಂಗಡಿಯ ಯಜಮಾನರು ಸೀನಿದಿರಾ ಎಂದು ಕೇಳಿದರು. ಹೌದೆಂದೆ.

ಎರಡನೆಯದು ಹಾಡಿತು. ಹಳೆಯ ಲ್ಯಾಪ್‌ಟಾಪಿನ ಚಾರ್ಜರಿನಿಂದ ಕರೆಂಟು, ಅಡುಗೆಮನೆಯ ಅಟ್ಟದಿಂದ ಹೇಳದೆ ಕೇಳದೆ ತೆಗೆದ ಬುತ್ತಿ ಡಬ್ಬಿ, ಅದಕ್ಕೆ ಮುಂದೆ ಎರಡು ತೂತು, ಹಿಂದೆ ಮೂರು. ಡಬ್ಬಿ ಎಲ್ಲಿ ಹೋಯಿತೆಂದು ಪ್ರಮೀಳಾಗೆ ಗೊತ್ತಾದದ್ದು ಅದರಿಂದ ಹಾಡು ಬಂದ ಮೇಲೆ. ಇನ್ನು ಕುಕ್ಕರಿನ ಹತ್ತಿರ ಹೋದರೆ ಕೈ ಮುರಿಯುತ್ತೇನೆಂದಳು.

ಒಂದು ಭಾನುವಾರ ಡಬ್ಬಿಯನ್ನೂ ಎರಡು ಸ್ಪೀಕರ್ ಬಾಕ್ಸುಗಳನ್ನೂ ಫೆರ್ರಿ ಬೋಟಿನಲ್ಲಿ ನದಿ ದಾಟಿಸಿ ಬೆಂಗ್ರೆಗೆ ತಲುಪಿಸಿದೆ. ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮಾವ ಡಬ್ಬಿಯನ್ನು ಅಂಗೈಯಲ್ಲಿ ತೂಗಿ ನೋಡಿದರು.

“ಇದರೊಳಗೆ ಎಂತ ಉಂಟು, ಚಟ್ನಿಯಾ?”

ನಾನು ವಯರು ಜೋಡಿಸಿದೆ. ಸ್ಟೀರಿಯೋ ಎಂದರೆ ಕಿವಿಗೆ ಗೊತ್ತಾಗಬೇಕೆಂದು ಬಾಕ್ಸುಗಳನ್ನು ಅವರ ಆರಾಮಕುರ್ಚಿಯ ಎಡಕ್ಕೊಂದು, ಬಲಕ್ಕೊಂದು ಸ್ಟೂಲಿನ ಮೇಲೆ ಇಟ್ಟೆ. ಸ್ವಿಚ್ಚು ಹಾಕಿದೆ. ಗುಂಯ್ ಇಲ್ಲ. ಕರೆಂಟು ಬರಲಿಲ್ಲ ಎಂದರು ಮಾವ. ಬಂದಿತ್ತು. ಹತ್ತು ನಿಮಿಷ ಬಿಟ್ಟು ಡಬ್ಬಿಯ ಮೇಲೆ ಅಂಗೈ ಇಟ್ಟರು. ಬಿಸಿ ಇಲ್ಲದ ಯಂತ್ರವನ್ನು ಅವರು ಜೀವನದಲ್ಲಿ ಮುಟ್ಟಿದವರಲ್ಲ. ಜ್ವರ ಇಳಿದ ಮಗುವಿನ ಹಣೆ ಮುಟ್ಟಿದಂತೆ ನಾಲ್ಕು ಸಲ ಮುಟ್ಟಿ ನೋಡಿದರು, ಮುಖದಲ್ಲಿ ಸಂಶಯ ಹಾಗೆಯೇ ಇತ್ತು.

ಹಾಕಿದ್ದು ಅವರ ಪೆನ್‌ಡ್ರೈವಿನ ಅತಿ ಪ್ರೀತಿಯ ತಾಳಮದ್ದಲೆ ಕೂಟ. ಯಾರೋ ಆಸಕ್ತರು ಇಬ್ಬರು ಅರ್ಥಧಾರಿಗಳ ಎದುರು ಎರಡು ಮೈಕು ಇಟ್ಟು ಧ್ವನಿ ಹಿಡಿದದ್ದು. ಹಾಗಾಗಿ ಸ್ಟೀರಿಯೋದಲ್ಲಿ ಒಬ್ಬರು ಎಡದ ಬಾಕ್ಸಿನಲ್ಲಿ, ಇನ್ನೊಬ್ಬರು ಬಲದಲ್ಲಿ. ಹಳೆಯ ಸೆಟ್ಟಿನಲ್ಲಿ ಇಬ್ಬರೂ ಒಂದೇ ಬಾಯಿಂದ ಬರುತ್ತಿದ್ದರು. ಇದನ್ನು ನೆನೆದು ನಾನೇ ಖುಷಿಯಲ್ಲಿದ್ದೆ. ಮಾವ ಕಣ್ಣು ಮುಚ್ಚಿ ಅರ್ಧ ಗಂಟೆ ಕೇಳಿದರು. ಆಮೇಲೆ ತೀರ್ಪು ಕೊಟ್ಟರು.

“ಎಡಗಡೆಯ ಬಾಕ್ಸು ಗೊಣಗ್ತದೆ. ಮಾತೇ ಗೊತ್ತಾಗುದಿಲ್ಲ.”

ನನಗೆ ಎರಡೂ ಗಂಟೆ ಬಾರಿಸಿದಂತೆ ಕೇಳುತ್ತಿತ್ತು. ಕೆಟ್ಟದ್ದೆಂದರೆ ಎಡದಲ್ಲಿದ್ದವರು ಮಾವನ ಮೆಚ್ಚಿನ ಅರ್ಥಧಾರಿ. ಎದುರಾಳಿ ಗುಡುಗುತ್ತಿದ್ದಾನೆ, ಇವರು ಸೋತು ಮುಖ ಮುಚ್ಚಿಕೊಂಡು ಮಾತಾಡಿದ ಹಾಗೆ ಮಾವನಿಗೆ ಕೇಳುತ್ತಿತ್ತಂತೆ. ಕೊಂಕು ತೆಗೆಯಲೆಂದೇ ಹೇಳುತ್ತಿದ್ದಾರೆ ಎಂದು ನನಗೆ ಮೈಯೆಲ್ಲ ಉರಿಯಿತು. ಆದರೂ ಡಬ್ಬಿಯನ್ನು ಮನೆಗೆ ತಂದು, ಬಿಚ್ಚಿ, ಎಡಗಡೆಯ ಒಂದೊಂದು ಬೆಸುಗೆಯನ್ನೂ ಮತ್ತೆ ಹಾಕಿದೆ. ಮೀಟರು ಇಟ್ಟು ನೋಡಿದರೆ ಎಡ ಬಲ ಎರಡೂ ಅವಳಿ ಮಕ್ಕಳು.

ಎರಡನೆಯ ಭಾನುವಾರವೂ ಅದೇ ತೀರ್ಪು. ಬೋಟಿನಲ್ಲಿ ಮಾವನೇ ನನಗೆ ಕಲಿಸಿದ ಒಂದು ಕ್ರಮ ಇದೆ. ಇಂಜಿನಿನ ಒಂದು ಸಿಲಿಂಡರು ಮುಗ್ಗರಿಸಿದರೆ, ಅದರ ಇಂಜೆಕ್ಟರನ್ನು ತೆಗೆದು ಪಕ್ಕದ್ದಕ್ಕೆ ಹಾಕು, ಪಕ್ಕದ್ದನ್ನು ಇದಕ್ಕೆ ಹಾಕು. ರೋಗ ಅದರ ಬೆನ್ನಿಗೆ ಹೋದರೆ ವಸ್ತುವಿನದ್ದು, ಹೋಗದಿದ್ದರೆ ಜಾಗದ್ದು. ನಾನು ಅದನ್ನೇ ಮಾಡಿದೆ. ಎಡದ ಬಾಕ್ಸನ್ನು ಬಲಕ್ಕಿಟ್ಟೆ, ಬಲದ್ದನ್ನು ಎಡಕ್ಕೆ. ಗೊಣಗುವುದು ಎಡದಲ್ಲೇ ಉಳಿಯಿತು. ವಯರು ಅದಲು ಬದಲು ಮಾಡಿದೆ. ಮೆಚ್ಚಿನವರು ಬಲಕ್ಕೆ ಬಂದು ಸ್ಪಷ್ಟವಾದರು, ಎದುರಾಳಿ ಎಡಕ್ಕೆ ಹೋಗಿ ಗೊಣಗತೊಡಗಿದ. ಅವನಿಗೆ ಹಾಗೆಯೇ ಆಗಬೇಕೆಂದು ಮಾವ ನಕ್ಕರು, ಬಾಕ್ಸು ಮಾತ್ರ ಸರಿಯಾಗಲಿಲ್ಲ ಎಂದೂ ಸೇರಿಸಿದರು. ರೋಗ ಜಾಗದ್ದೇ ಎಂದು ಖಚಿತವಾಯಿತು. ಎಡಬದಿಯಲ್ಲಿ ಏನಿದೆ ಎಂದು ನೋಡಿದೆ. ಗೋಡೆ ಇತ್ತು. ಗೋಡೆಗೆ ಚಾಪೆ ಕಟ್ಟಿದೆ. ಮಾಮಿ ಬಾಗಿಲಲ್ಲಿ ನಿಂತು ನಾನು ಚಾಪೆ ಕಟ್ಟುವುದನ್ನು ನೋಡಿದರು, ಒಳಗೆ ಹೋದರು.

ಮೂರನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಕೂಟ ನಡೆಯುತ್ತಿತ್ತು. ಕಿಟಕಿಯಿಂದ ಬಿಸಿಲು ಮುಖಕ್ಕೆ ಹೊಡೆಯುತ್ತದೆಂದು ಮಾವ ಎದ್ದು ಕುರ್ಚಿಯನ್ನು ಹಿಂದುಮುಂದಾಗಿ ತಿರುಗಿಸಿ ಕೂತರು. ನಾನು ನೆಲದಲ್ಲಿ ಕೂತು ವಯರು ಸುತ್ತುತ್ತಿದ್ದೆ.

“ಎದ್ದಿತು ನೋಡು,” ಎಂದರು ಮಾವ.

“ಎಂತದು?”

“ಗೊಣಗುವ ಬಾಕ್ಸು. ಈಗ ಸರಿ ಮಾತಾಡ್ತದೆ. ಆಚೆಯದ್ದು ಮಲಗಿತು.”

ನಾನು ಯಾವುದನ್ನೂ ಮುಟ್ಟಿರಲಿಲ್ಲ. ಬಾಕ್ಸು ಇದ್ದಲ್ಲೇ ಇತ್ತು, ಗೋಡೆ ಇದ್ದಲ್ಲೇ ಇತ್ತು, ಚಾಪೆಯೂ ಇತ್ತು. ತಿರುಗಿದ್ದು ಮಾವ ಒಬ್ಬರು. ನಾನು ವಯರು ಇದ್ದದ್ದನ್ನೆಲ್ಲ ಅದಲು ಬದಲು ಮಾಡಿದ್ದೆ, ಕಿವಿಗೆ ವಯರು ಇರಲಿಲ್ಲ, ಬಿಟ್ಟುಬಿಟ್ಟಿದ್ದೆ. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವ ಯಂತ್ರವನ್ನು ಆರು ತಿಂಗಳಿಗೊಮ್ಮೆ ಸರಿಮಾಡಿ ಸಹಿ ಹಾಕುವವನೂ ನಾನೇ. ಇಷ್ಟಾದ ಮೇಲೆ ಈ ವಿಷಯದಲ್ಲಿ ನೀವು ನನ್ನನ್ನು ಏನು ಬೇಕಾದರೂ ಅನ್ನಬಹುದು.

ಮಾವನಿಗೂ ಹೊಳೆದಿರಬೇಕು, ಅದು ಅವರದೇ ಕ್ರಮ. ಅವರು ಎದ್ದು ಕುರ್ಚಿಯನ್ನು ಮೊದಲಿನಂತೆ ತಿರುಗಿಸಿ ಕೂತು ಕೇಳಿದರು. ಮತ್ತೆ ಎದ್ದು ಹಿಂದಕ್ಕೆ ತಿರುಗಿಸಿ ಕೇಳಿದರು. ಆಮೇಲೆ ಎಡಗಿವಿಯನ್ನು ಒಮ್ಮೆ ಅಂಗೈಯಿಂದ ಮುಚ್ಚಿ, ತೆರೆದು, ಮುಚ್ಚಿ ನೋಡಿದರು. ಮೂವತ್ತು ವರ್ಷ ಇಂಜಿನಿಗೆ ತಾಗಿ ಕೂತ ಬದಿ ಅದು.

“ಬಾಕ್ಸು ಸರಿ ಉಂಟು,” ಎಂದರು.

ಮಾಮಿ ಅಡುಗೆಮನೆಯಿಂದಲೇ ಹೇಳಿದರು, ತನಗೆ ಇದು ಗೊತ್ತಿದ್ದು ಹದಿನೈದು ವರ್ಷವಾಯಿತಂತೆ. ಹೇಳಿದರೆ ಇವರು ಕೇಳಬೇಕಲ್ಲ ಎಂದರು. ಹೊರಗೆ ಬಂದು ಎಡದ ಬಾಕ್ಸನ್ನು ಎತ್ತಿ ಬಲದ ಬಾಕ್ಸಿನ ಪಕ್ಕ ಇಟ್ಟರು. ಇಬ್ಬರು ಅರ್ಥಧಾರಿಗಳೂ ಒಂದೇ ಬದಿಯಿಂದ ಜಗಳಕ್ಕೆ ನಿಂತರು. ನನ್ನ ಸ್ಟೀರಿಯೋ ಅಲ್ಲಿಗೆ ಮುಗಿಯಿತು. ಅತ್ತಾವರಕ್ಕೆ ಬನ್ನಿ, ಡಾಕ್ಟರಿಗೆ ತೋರಿಸುವ ಎಂದೆ. ಬುಧವಾರ ಬರುತ್ತೇನೆಂದು ಮಾವ ಒಪ್ಪಿದರು. ಇಂಜಿನಿಗೆ ಒಂದು ಕಿವಿ ಸಾಕು, ಧಕ್ಕೆಯಲ್ಲಿ ಯಾರಿಗೂ ಹೇಳುವುದು ಬೇಡ ಎಂದರು.

ನಾನು ಮಾತ್ರ ಅಲ್ಲೇ ನೆಲದಲ್ಲಿ ಕೂತು ಹದಿನೈದರಿಂದ ಹನ್ನೆರಡನ್ನು ಕಳೆಯುತ್ತಿದ್ದೆ. ಐಸ್ ಪ್ಲಾಂಟಿನ ಮರ ಕೊಯ್ದಂಥ ಸದ್ದು ನೆನಪಾಯಿತು. ಬೆಂಚು ನೆನಪಾಯಿತು.

“ಮಾಮ, ಆ ದಿನ ಬೆಂಚಿನಲ್ಲಿ ನಾನು ನಿಮ್ಮ ಎಡದಲ್ಲಿ ಕೂತಿದ್ದೆ.”

“ಯಾವ ದಿನ?”

“ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಬೋಟಿಗೆ ಬರುದಿಲ್ಲ ಅಂತ ಹೇಳಿದ ದಿನ.”

ಮಾವ ನನ್ನನ್ನು ದಿಟ್ಟಿಸಿ ನೋಡಿದರು. “ನೀನು ಹೇಳಿದ್ದೆಲ್ಲಿ? ಹೇಳದೆಯೇ ಹೋದದ್ದಲ್ವಾ ನೀನು?”

ನಾನು ಬೆಂಚಿನಲ್ಲಿ ಕೂತು ಹೇಳಿದ ಮರುದಿನ ಬೆಳಗಿನ ಜಾವ ಅವರು ಬೋಟಿನ ಹಗ್ಗ ಬಿಚ್ಚಲು ಬಿಡಲಿಲ್ಲವಂತೆ. ಅಳಿಯ ಬರಲಿಕ್ಕುಂಟು ಎಂದು ಎಲ್ಲರನ್ನೂ ನಿಲ್ಲಿಸಿದರಂತೆ. ಉಳಿದ ಬೋಟುಗಳೆಲ್ಲ ಅಳಿವೆ ದಾಟಿ ಕಡಲಿಗೆ ಹೋದವು. ಬೆಳಕು ಹರಿಯಿತು, ಜನ ಕೂಗಾಡಿದರು, ಮಾವ ದಾರಿ ನೋಡುತ್ತ ನಿಂತಿದ್ದರು. ಕೊನೆಗೆ ನಾನಿಲ್ಲದೆಯೇ ಹೋಗಿ, ಮೂರು ದಿನ ಬಿಟ್ಟು ದಡಕ್ಕೆ ಬಂದಾಗ ನನ್ನ ಅಮ್ಮನಿಂದ ಸುದ್ದಿ ಗೊತ್ತಾಯಿತಂತೆ. ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವನ ಹತ್ತಿರ ಒಂದು ಮಾತು ಹೇಳಬೇಕೆಂದು ಇವನಿಗೆ ಕಾಣಲಿಲ್ಲವಲ್ಲ, ಅದೇ ಬೇಜಾರು, ಕೆಲಸ ಬಿಟ್ಟದ್ದು ಅಲ್ಲ ಎಂದರು ಮಾವ. ನೆಲ ನೋಡಿಕೊಂಡು ಹೇಳಿದರು. ನನಗೆ ಅಳು ಬಂತು. ನಲವತ್ತರ ಹತ್ತಿರ ಬಂದ ಗಂಡಸು ಸೋದರಮಾವನ ಎದುರು ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಆದರೂ ಬಂತು.

ಮಾಮಿ ಬಂದು ತಾಳಮದ್ದಲೆ ನಿಲ್ಲಿಸಿ ಒಳಗೆ ಹೋದರು. ನಾನು ಎರಡು ಬಾಕ್ಸುಗಳನ್ನೂ ಒಂದು ಮೊಳ ಆಚೆ ಸರಿಸಿ, ಮಾವನ ಬಲಬದಿಯಲ್ಲಿ ಸ್ಟೂಲು ಹಾಕಿ ಕೂತೆ. ಆ ಮೂರು ವಾಕ್ಯಗಳು ಮರೆತಿರಲಿಲ್ಲ.

“ಮಾಮ, ನನಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿದೆ. ನಾಳೆಯಿಂದ ನಾನು ಬೋಟಿಗೆ ಬರುದಿಲ್ಲ. ನೀವು ಬೇಜಾರು ಮಾಡ್ಬೇಡಿ.”

ಮಾವ ತಲೆಯನ್ನು ನನ್ನ ಕಡೆಗೆ ಬಾಗಿಸಿ, ಕಣ್ಣು ಮುಚ್ಚಿ, ಮೂರನ್ನೂ ಪೂರ್ತಿ ಕೇಳಿದರು.

“ಆಯ್ತು, ಹೋಗು,” ಎಂದರು. “ಊಟ ಮಾಡಿ ಹೋಗು.”